ತಾಲ್ಲೂಕಿನ ಶಾಲೆಗಳಲ್ಲಿ ಹೊಸ ಶಿಕ್ಷಕ ಮೌಲ್ಯಮಾಪನ: ನಮೂನೆಗಿಂತ ಮೊದಲು ಮಾಡಬೇಕಾದ ಲೆಕ್ಕ

ಶಿಕ್ಷಕರ ಮೌಲ್ಯಮಾಪನಕ್ಕೆ ಹೊಸ ವ್ಯವಸ್ಥೆ ತರೋಣ ಎಂದ ಕೂಡಲೇ ಮೊದಲು ಹುಟ್ಟುವುದು ನಮೂನೆ. ನಾಲ್ಕು ಪುಟ, ನಲವತ್ತು ಅಂಶ, ಕೊನೆಯಲ್ಲಿ ‘ಒಟ್ಟು ಅಂಕ’. ಅದನ್ನು ಗೂಗಲ್ ಫಾರ್ಮ್ ಮಾಡಿ, ಸಿಆರ್‌ಪಿಗಳ (ಹತ್ತಿರದ ಶಾಲೆಗಳ ಒಂದು ಗುಂಪನ್ನು, ಅಂದರೆ ಒಂದು ಕ್ಲಸ್ಟರನ್ನು, ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳ) ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಇದೇ 30ರೊಳಗೆ ಕಡ್ಡಾಯವಾಗಿ ಭರ್ತಿ ಮಾಡುವುದು’ ಎಂದರೆ ಜಾರಿಯಾಯಿತು ಎಂದೇ ಲೆಕ್ಕ. 30ನೇ ತಾರೀಕಿನ ರಾತ್ರಿ ನೋಡಿದರೆ ಎಲ್ಲರಿಗೂ 40ಕ್ಕೆ 34, 35 ಬಿದ್ದಿರುತ್ತದೆ. ಯಾರ ತರಗತಿಯಲ್ಲೂ ಯಾರೂ ಒಂದು ಪೂರ್ತಿ ಪೀರಿಯಡ್ ಕೂತಿರುವುದಿಲ್ಲ.

ಒಂದು ಶೈಕ್ಷಣಿಕ ವಲಯದಲ್ಲಿ, ಅಂದರೆ ಒಬ್ಬ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ವ್ಯಾಪ್ತಿಯ ಶಾಲೆಗಳಲ್ಲಿ, ತರಗತಿ ವೀಕ್ಷಣೆಯನ್ನು ಆಧರಿಸಿದ ಮೌಲ್ಯಮಾಪನವನ್ನು ಹೇಗೆ ತರಬಹುದು ಎಂಬುದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಕೊಟ್ಟಿದೆ. ಹತ್ತಾರು ಶಾಲೆ ನಡೆಸುವ ಖಾಸಗಿ ಟ್ರಸ್ಟುಗಳಿಗೂ ಇದರ ಬಹುಪಾಲು ಅನ್ವಯವಾಗುತ್ತದೆ. ವ್ಯತ್ಯಾಸ ಇರುವಲ್ಲಿ ಹೇಳಿದೆ.

ಯಾವುದಕ್ಕೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಸರ್ಕಾರಿ ಶಿಕ್ಷಕರಿಗೆ ವಾರ್ಷಿಕ ಕಾರ್ಯನಿರ್ವಹಣಾ ವರದಿ ಈಗಾಗಲೇ ಇದೆ. ಅದು ಸೇವಾ ನಿಯಮದ ವಿಷಯ. ತಾಲ್ಲೂಕು ಮಟ್ಟದಲ್ಲಿ ಬದಲಾಯಿಸಲು ಬರುವುದಿಲ್ಲ. ಬಡ್ತಿ, ವರ್ಗಾವಣೆ, ವೇತನ ಬಡ್ತಿ ಯಾವುದನ್ನೂ ಬಿಇಒ ತಮ್ಮ ಸುತ್ತೋಲೆಯಿಂದ ಹೊಸ ಅಂಕಕ್ಕೆ ಕಟ್ಟಿಹಾಕಲಾರರು. ಆದ್ದರಿಂದ ವಲಯದ ಮಟ್ಟದಲ್ಲಿ ಮಾಡಬಹುದಾದದ್ದು ಒಂದೇ: ಯಾವ ಶಿಕ್ಷಕರಿಗೆ ಯಾವ ವಿಷಯದಲ್ಲಿ ನೆರವು ಬೇಕು ಎಂದು ಕಂಡುಹಿಡಿದು, ಆ ನೆರವು ಕೊಡುವುದು. ಸುತ್ತೋಲೆಯ ಮೊದಲ ಸಾಲಿನಲ್ಲೇ ಇದನ್ನು ಬರೆಯಿರಿ. ‘ಈ ದಾಖಲೆಯನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲ’ ಎಂಬುದನ್ನೂ ಸೇರಿಸಿ. ತಡವಾಗಿ ಬರುವುದು, ಗೈರುಹಾಜರಿ, ಮಕ್ಕಳಿಗೆ ಹೊಡೆಯುವುದು ಇವುಗಳಿಗೆ ಬೇರೆ ದಾರಿ, ಬೇರೆ ಕಡತ ಇದೆ. ಅವನ್ನು ತಂದು ಇದರೊಳಗೆ ತುರುಕಿದರೆ ಪಾಠ ನೋಡಲು ಹೋದವರನ್ನು ಶಿಕ್ಷಕರು ಇನ್‌ಸ್ಪೆಕ್ಷನ್‌ಗೆ ಬಂದವರಂತೆಯೇ ನೋಡುತ್ತಾರೆ. ಆಗ ನಿಮಗೆ ಕಾಣುವುದು ಪಾಠವಲ್ಲ, ಪ್ರದರ್ಶನ.

ಖಾಸಗಿ ಸಂಸ್ಥೆಯಲ್ಲಿ ಸಂಬಳ ಹೆಚ್ಚಳಕ್ಕೆ ಇದನ್ನು ಜೋಡಿಸುವ ಆಸೆ ಸಹಜ. ಜೋಡಿಸಲೇಬೇಕೆಂದಿದ್ದರೆ ಮೊದಲ ಎರಡು ವರ್ಷ ಬೇಡ. ವೀಕ್ಷಕರ ಅಂಕಗಳು ಪರಸ್ಪರ ಹೊಂದಿಕೆಯಾಗುವವರೆಗೆ ಆ ಅಂಕದ ಮೇಲೆ ಯಾರ ಸಂಬಳವನ್ನೂ ನಿಲ್ಲಿಸುವುದು ನ್ಯಾಯವಲ್ಲ.

ಈಗ ಲೆಕ್ಕ: ಎಷ್ಟು ತರಗತಿ, ಎಷ್ಟು ದಿನ, ಯಾರು?

ಇಡೀ ವ್ಯವಸ್ಥೆ ನಿಲ್ಲುವುದೂ ಬೀಳುವುದೂ ಇಲ್ಲೇ. ಒಂದು ಕ್ಲಸ್ಟರ್‌ನಲ್ಲಿ 16 ಶಾಲೆ, 62 ಶಿಕ್ಷಕರು ಇದ್ದಾರೆ ಎಂದಿಟ್ಟುಕೊಳ್ಳಿ. ಒಂದು ವೀಕ್ಷಣೆ ಎಂದರೆ 40 ನಿಮಿಷದ ಪೀರಿಯಡ್ ಒಂದೇ ಅಲ್ಲ. ಪಾಠಕ್ಕೆ ಮೊದಲು 10 ನಿಮಿಷದ ಮಾತು, ಮುಗಿದ ಮೇಲೆ 25 ನಿಮಿಷದ ಚರ್ಚೆ, ಟಿಪ್ಪಣಿ ಸರಿಪಡಿಸಿ ಬರೆಯಲು 20 ನಿಮಿಷ. ಒಟ್ಟು 95 ನಿಮಿಷ. ಓಡಾಟ, ಬಿಸಿಯೂಟದ ಸಮಯ, ಶಿಕ್ಷಕರು ಬಿಡುವಾಗುವವರೆಗೆ ಕಾಯುವುದು ಎಲ್ಲ ಸೇರಿದರೆ ಒಬ್ಬ ಸಿಆರ್‌ಪಿ ದಿನಕ್ಕೆ ಎರಡು ವೀಕ್ಷಣೆ ಮಾಡಬಹುದು. ಮೂರು ಎಂದು ಬರೆದರೆ ಮೂರನೆಯದು ಸುಳ್ಳಿರುತ್ತದೆ.

ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ನಾಲ್ಕು ಭೇಟಿ ಎಂದು ಆದೇಶಿಸಿದಿರೋ, 248 ವೀಕ್ಷಣೆ, 124 ದಿನ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ, 1ರಿಂದ 5ಕ್ಕೆ 200. ಅದರಲ್ಲಿ ಜೂನ್‌ನ ದಾಖಲಾತಿ ಮತ್ತು ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಮೊದಲ ವಾರಗಳ ಪಾಠ), ಪರೀಕ್ಷೆಯ ವಾರಗಳು, ಸಮಾಲೋಚನಾ ಸಭೆ, ತರಬೇತಿ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ‘ತುರ್ತಾಗಿ ಮಾಹಿತಿ ಒದಗಿಸುವುದು’ ಎಂಬ ಪತ್ರಗಳ ದಿನಗಳನ್ನು ಕಳೆಯಿರಿ. ಸಿಆರ್‌ಪಿ ಕೈಯಲ್ಲಿ 70–80 ದಿನ ಉಳಿದರೆ ಪುಣ್ಯ. 124 ದಿನ ಎಲ್ಲಿಂದ ಬರಬೇಕು? ಬಾರದ ದಿನಗಳ ವೀಕ್ಷಣೆಗಳು ಮನೆಯಲ್ಲಿ ಕೂತು ಭರ್ತಿಯಾಗುತ್ತವೆ.

ಆದ್ದರಿಂದ ಭೇಟಿಯನ್ನು ಮೂರಕ್ಕೆ ಇಳಿಸಿ. ಎರಡು ಸಿಆರ್‌ಪಿಯವು, ಮೊದಲ ಅವಧಿಗೆ ಒಂದು, ಎರಡನೇ ಅವಧಿಗೆ ಒಂದು. ಅದಕ್ಕೆ 62 ದಿನ ಸಾಕು. ಮೂರನೆಯದನ್ನು ಬೇರೆಯವರೇ ಮಾಡಬೇಕು: ಮುಖ್ಯ ಶಿಕ್ಷಕರು, ಬಿಆರ್‌ಪಿ (ತಾಲ್ಲೂಕು ಮಟ್ಟದ ಸಂಪನ್ಮೂಲ ವ್ಯಕ್ತಿ), ಅಥವಾ ಪಕ್ಕದ ಕ್ಲಸ್ಟರ್‌ನ ಸಿಆರ್‌ಪಿ. ಅಮೆರಿಕದಲ್ಲಿ 2009ರಿಂದ 2012ರವರೆಗೆ ಸುಮಾರು 3,000 ಶಿಕ್ಷಕರೊಂದಿಗೆ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ನಡೆದ, ಬೋಧನೆಯನ್ನು ಅಳೆಯುವ ಬಗೆಗಳನ್ನು ಪರೀಕ್ಷಿಸಿದ ಮೆಟ್ ಯೋಜನೆ ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಇದೂ ಒಂದು: ಒಬ್ಬರೇ ಎರಡು ಸಲ ನೋಡುವುದಕ್ಕಿಂತ ಇಬ್ಬರು ಒಂದೊಂದು ಸಲ ನೋಡಿದ ಅಂಕ ಹೆಚ್ಚು ನಂಬಲರ್ಹ. ಒಬ್ಬ ವೀಕ್ಷಕರ ಇಷ್ಟಾನಿಷ್ಟ ಎಷ್ಟು ಸಲ ನೋಡಿದರೂ ಅವರ ಜೊತೆಗೇ ಬರುತ್ತದೆ, ಅದಕ್ಕೇ.

ಏಕೋಪಾಧ್ಯಾಯ ಮತ್ತು ಇಬ್ಬರು ಶಿಕ್ಷಕರ ಶಾಲೆಗಳಲ್ಲಿ ‘ಮುಖ್ಯ ಶಿಕ್ಷಕರು ವೀಕ್ಷಿಸಲಿ’ ಎನ್ನುವುದು ಕಾಗದದ ಮಾತು. ಅವರು ಇನ್ನೊಂದು ಕೋಣೆಗೆ ಹೋದರೆ ಅವರ ಮಕ್ಕಳನ್ನು ನೋಡುವವರಿಲ್ಲ. ಅಂಥ ಶಾಲೆಗಳ ಪಟ್ಟಿಯನ್ನು ಮೊದಲೇ ತೆಗೆದು ಬಿಆರ್‌ಪಿಗಳಿಗೆ ಹಂಚಿ.

ಈ ಲೆಕ್ಕ ಸರಿಹೊಂದದಿದ್ದರೆ ಮುಂದಿನ ಯಾವ ಹೆಜ್ಜೆಗೂ ಕೈ ಹಾಕಬೇಡಿ. ಸಿಆರ್‌ಪಿ ಹುದ್ದೆಗಳು ಖಾಲಿ ಇರುವ ತಾಲ್ಲೂಕು ಅರ್ಧದಷ್ಟು ಶಿಕ್ಷಕರನ್ನು ಈ ವರ್ಷ, ಉಳಿದವರನ್ನು ಮುಂದಿನ ವರ್ಷ ತೆಗೆದುಕೊಳ್ಳಲಿ. ಹೊಸದಾಗಿ ಸೇವೆಗೆ ಬಂದವರು ಮಾತ್ರ ಎರಡೂ ವರ್ಷ ಇರಲಿ.

ಸಮಿತಿ

ನಮೂನೆಯ ಕರಡು ಬರೆಯಲು ಏಳೆಂಟು ಜನ ಸಾಕು: ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಯಿಂದ ತಲಾ ಒಬ್ಬ ಶಿಕ್ಷಕರು, ಒಬ್ಬ ಮುಖ್ಯ ಶಿಕ್ಷಕರು, ಒಬ್ಬ ಸಿಆರ್‌ಪಿ, ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಒಬ್ಬ ಉಪನ್ಯಾಸಕರು, ಶಿಕ್ಷಕರ ಸಂಘದ ಪ್ರತಿನಿಧಿ. ಉರ್ದು ಅಥವಾ ಗಡಿ ತಾಲ್ಲೂಕಿನಲ್ಲಿ ಮರಾಠಿ, ತೆಲುಗು, ತಮಿಳು ಮಾಧ್ಯಮದ ಶಾಲೆಗಳಿದ್ದರೆ ಅವರಲ್ಲೊಬ್ಬರು ಬೇಕೇ ಬೇಕು. ಪಾಠದ ಭಾಷೆ ಬಾರದವರು ಪಾಠಕ್ಕೆ ದರ್ಜೆ ಕೊಡಬಾರದು ಎಂಬ ಸರಳ ನಿಯಮವನ್ನು ಅವರೇ ನೆನಪಿಸುತ್ತಾರೆ. ಸಂಘವನ್ನು ಕೊನೆಗೆ ‘ತಿಳಿಸಲು’ ಕರೆಯಬೇಡಿ. ಕರಡು ಬರೆಯುವಾಗಲೇ ಕೂರಿಸಿಕೊಳ್ಳಿ. ಆಮೇಲೆ ಬರುವ ಮನವಿ ಪತ್ರಗಳಲ್ಲಿ ಅರ್ಧ ಕಡಿಮೆಯಾಗುತ್ತವೆ.

ಅಂಶಗಳು: ಎಂಟಕ್ಕಿಂತ ಹೆಚ್ಚು ಬೇಡ

ಸೊನ್ನೆಯಿಂದ ಶುರು ಮಾಡುವ ಅಗತ್ಯವಿಲ್ಲ. ಶಿಕ್ಷಕರ ಕೆಲಸವನ್ನು ಅಳೆಯುವ ಸೂಚಕಗಳ ಪಟ್ಟಿ, ಎನ್‌ಸಿಇಆರ್‌ಟಿಯ ಪಿಂಡಿಕ್ಸ್, ಇದೆ. ಅದರಲ್ಲಿ ಏಳು ಮಾನದಂಡಗಳು: ಕಲಿಕಾನುಭವದ ಯೋಜನೆ, ವಿಷಯಜ್ಞಾನ, ಕಲಿಸುವ ವಿಧಾನ, ಪರಸ್ಪರ ಸಂಬಂಧ, ವೃತ್ತಿ ಬೆಳವಣಿಗೆ, ಶಾಲಾಭಿವೃದ್ಧಿ, ಹಾಜರಾತಿ. ಪ್ರತಿ ಅಂಶಕ್ಕೂ ನಾಲ್ಕು ಹಂತ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಹೇಳಿರುವ ಶಿಕ್ಷಕರ ಕರ್ತವ್ಯಗಳು ಅದಕ್ಕೆ ತಳಹದಿ. ಶಿಕ್ಷಕರು ತಮ್ಮನ್ನು ತಾವೇ ಅಳೆದುಕೊಳ್ಳಲು ಅದು ಚೆನ್ನಾಗಿದೆ. ಆದರೆ 40 ನಿಮಿಷ ತರಗತಿಯಲ್ಲಿ ಕೂತವರಿಗೆ ಅದರ ಅರ್ಧಕ್ಕರ್ಧ ಕಾಣುವುದೇ ಇಲ್ಲ. ಶಾಲಾಭಿವೃದ್ಧಿಗೆ ಕೊಟ್ಟ ಕಾಣಿಕೆ ಕಿಟಕಿಯಿಂದ ಕಾಣುವಂಥದ್ದಲ್ಲ. ಕಾಣದ್ದಕ್ಕೆ ದರ್ಜೆ ಕೊಡಿ ಎಂದರೆ ಎಲ್ಲರೂ ಕೊಡುವುದು 3.

ವೀಕ್ಷಣೆಗೆ ಈ ಎಂಟು ಸಾಕು:

1. ಇವತ್ತು ಏನು ಕಲಿಯುತ್ತಿದ್ದೇವೆ ಎಂದು ಮಕ್ಕಳಿಗೆ ಗೊತ್ತಿದೆಯೇ
2. ವಿಷಯದಲ್ಲಿ ತಪ್ಪಿಲ್ಲವೇ, ಉದಾಹರಣೆ ಸರಿಯಾಗಿದೆಯೇ
3. ಅರ್ಥವಾಗಿದೆಯೇ ಎಂದು ಪರೀಕ್ಷಿಸುವ ಬಗೆ
4. ಮಕ್ಕಳು ಮಾತಾಡಿದ, ಬರೆದ, ಮಾಡಿದ ಸಮಯ
5. ಹಿಂದುಳಿದವರಿಗೂ ಬೇಗ ಮುಗಿಸಿದವರಿಗೂ ಬೇರೆ ಕೆಲಸ
6. ನೋಟ್‌ಬುಕ್ ತಿದ್ದುವಿಕೆ
7. ತಪ್ಪು ಹೇಳಲು ಮಕ್ಕಳಿಗೆ ಹೆದರಿಕೆ ಇಲ್ಲದ ವಾತಾವರಣ
8. ಸಮಯದ ಬಳಕೆ

ಪ್ರತಿಯೊಂದಕ್ಕೂ ನಾಲ್ಕು ಹಂತದ ವಿವರಣೆಯನ್ನು ಕಣ್ಣಿಗೆ ಕಾಣುವ ಮಾತಿನಲ್ಲಿ ಬರೆಯಬೇಕು. ‘ಉತ್ತಮ’, ‘ಅತ್ಯುತ್ತಮ’ ಎಂದರೆ ಏನೂ ಹೇಳಿದಂತಲ್ಲ. ಮೂರನೇ ಅಂಶಕ್ಕೆ ಮಾದರಿ:

ಹಂತ 1: ಪ್ರಶ್ನೆಯೇ ಇಲ್ಲ, ಅಥವಾ ‘ಅರ್ಥ ಆಯ್ತಾ?’ ಎಂದು ಕೇಳುವುದು, ಇಡೀ ತರಗತಿ ‘ಹೂಂ ಟೀಚರ್’ ಎನ್ನುವುದು.
ಹಂತ 2: ಪ್ರಶ್ನೆ ಕೇಳುತ್ತಾರೆ, ಆದರೆ ಕೈ ಎತ್ತಿದವರಿಂದಷ್ಟೇ ಉತ್ತರ. ತಪ್ಪು ಉತ್ತರ ಬಂದರೆ ಇನ್ನೊಬ್ಬರತ್ತ ತಿರುಗುತ್ತಾರೆ.
ಹಂತ 3: ಕೈ ಎತ್ತದವರನ್ನೂ ಕೇಳುತ್ತಾರೆ, ಬೆಂಚುಗಳ ನಡುವೆ ಓಡಾಡಿ ಬರೆದದ್ದನ್ನು ನೋಡುತ್ತಾರೆ, ‘ಯಾಕೆ?’ ಎಂದು ಕೇಳುತ್ತಾರೆ.
ಹಂತ 4: ತಪ್ಪು ಉತ್ತರವನ್ನು ಹಿಡಿದು ಪಾಠದ ದಾರಿಯನ್ನೇ ಬದಲಿಸುತ್ತಾರೆ, ತಪ್ಪಿದ ಮಗುವನ್ನು ಮತ್ತೆ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಚಿಕ್ಕ ಮಕ್ಕಳು ಗುಂಪುಗಳಲ್ಲಿ ಕಾರ್ಡುಗಳಿಂದ ಕಲಿಯುವ ನಲಿ-ಕಲಿ ತರಗತಿಗೆ ಇದೇ ನಮೂನೆ ಒಪ್ಪುವುದಿಲ್ಲ. ಅಲ್ಲಿ ಶಿಕ್ಷಕರು ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತಿರುತ್ತಾರೆ, ಮಿಕ್ಕ ಗುಂಪುಗಳು ತಮ್ಮಷ್ಟಕ್ಕೆ ಕಲಿಯುತ್ತಿರುತ್ತವೆ. ‘ಇಡೀ ತರಗತಿಗೆ ವಿವರಿಸಲಿಲ್ಲ’ ಎಂದು 1 ಹಾಕಿ ಬರುವ ವೀಕ್ಷಕರು ಇದ್ದೇ ಇರುತ್ತಾರೆ. ನಲಿ-ಕಲಿಗೆ 3, 4 ಮತ್ತು 5ನೇ ಅಂಶಗಳ ವಿವರಣೆಯನ್ನು ಬೇರೆಯೇ ಬರೆಯಿರಿ: ಸ್ವಕಲಿಕೆಯ ಗುಂಪು ನಿಜಕ್ಕೂ ಕೆಲಸ ಮಾಡುತ್ತಿದೆಯೇ, ಮಗು ತನ್ನ ಮೈಲಿಗಲ್ಲಿನ ಕಾರ್ಡನ್ನೇ ಹಿಡಿದಿದೆಯೇ, ಗುಂಪು ಬದಲಾಗುವಾಗ ಎಷ್ಟು ಹೊತ್ತು ಹೋಗುತ್ತದೆ.

ವೀಕ್ಷಕರ ತರಬೇತಿ: ಎರಡು ದಿನ, ಮೂರು ವಿಡಿಯೊ

ಹೆಚ್ಚಿನ ಕಡೆ ಬಿಟ್ಟುಹೋಗುವುದು ಇದೇ. ಮೊದಲ ದಿನ ಒಂದೇ ಒಂದು ಅಭ್ಯಾಸ: ಕಂಡದ್ದನ್ನು ಬರೆಯುವುದು, ಅಭಿಪ್ರಾಯ ಬರೆಯದಿರುವುದು. ‘ಶಿಕ್ಷಕಿ ಆಸಕ್ತಿಯಿಂದ ಬೋಧಿಸಿದರು, ಮಕ್ಕಳು ಚೆನ್ನಾಗಿ ಸ್ಪಂದಿಸಿದರು’ ಎಂಬ ಟಿಪ್ಪಣಿಯಿಂದ ಯಾರಿಗೂ ಏನೂ ಸಿಗುವುದಿಲ್ಲ. ಹೀಗಿರಬೇಕು:

‘11:05. ಬೋರ್ಡಿನಲ್ಲಿ 1/2, 1/3. “ಯಾವುದು ದೊಡ್ಡದು?” 22 ಮಕ್ಕಳಲ್ಲಿ 5 ಕೈ. ಮುಂದಿನ ಸಾಲಿನ ಹುಡುಗಿ: “1/3. ಯಾಕಂದ್ರೆ ಮೂರು ದೊಡ್ಡದು.” ಶಿಕ್ಷಕಿ: “ತಪ್ಪು. ಬೇರೆ ಯಾರು?” ಒಬ್ಬ ಹುಡುಗ: “1/2.” “ಸರಿ, ಕೂತ್ಕೊ.” 11:07. ಮುಂದಿನ ಲೆಕ್ಕ.’

ಎರಡು ನಿಮಿಷದ ಈ ಟಿಪ್ಪಣಿ ಮೂರನೇ ಅಂಶದಲ್ಲಿ ಹಂತ 2 ಎಂದು ತಾನೇ ಹೇಳುತ್ತದೆ. ದರ್ಜೆಯನ್ನು ತರಗತಿಯಲ್ಲಿ ಕೂತು ಹಾಕಬಾರದು. ಹೊರಬಂದ ಮೇಲೆ, ಟಿಪ್ಪಣಿಯನ್ನು ಹಂತದ ವಿವರಣೆಯ ಪಕ್ಕ ಇಟ್ಟುಕೊಂಡು ಹಾಕಬೇಕು.

ಎರಡನೇ ದಿನ, ಬೇರೆ ಜಿಲ್ಲೆಯ, ಯಾರಿಗೂ ಪರಿಚಯವಿಲ್ಲದ ಶಿಕ್ಷಕರ ಮೂರು ಪಾಠಗಳ ವಿಡಿಯೊ ತೋರಿಸಿ. ಅವರ ಲಿಖಿತ ಒಪ್ಪಿಗೆ ಮೊದಲೇ ಪಡೆದಿರಬೇಕು. ಎಲ್ಲರೂ ಬೇರೆಬೇರೆಯಾಗಿ ದರ್ಜೆ ಹಾಕಲಿ. ಡಯಟ್ ಉಪನ್ಯಾಸಕರೂ ಇಬ್ಬರು ಅನುಭವಿ ಶಿಕ್ಷಕರೂ ಮೊದಲೇ ಕೂತು ಒಪ್ಪಿದ ದರ್ಜೆ ನಿಮ್ಮ ಬಳಿ ಇರಬೇಕು. ಎಂಟರಲ್ಲಿ ಕನಿಷ್ಠ ಆರು ಅಂಶಗಳಲ್ಲಿ ಅದೇ ದರ್ಜೆ ಬರಬೇಕು, ಯಾವುದರಲ್ಲೂ ಎರಡು ಹಂತದ ವ್ಯತ್ಯಾಸ ಇರಬಾರದು. ಮೊದಲ ವಿಡಿಯೊದಲ್ಲಿ ಮುಕ್ಕಾಲು ಜನ ಇದನ್ನು ದಾಟದಿದ್ದರೆ ಗಾಬರಿಯಾಗಬೇಡಿ, ಅದು ಮಾಮೂಲು. ಮೂರನೆಯದರಲ್ಲೂ ದಾಟದವರಿಗೆ ಇನ್ನೊಂದು ದಿನ ಕೊಡಿ. ಆಗಲೂ ಆಗದಿದ್ದರೆ ಅವರನ್ನು ಒಂಟಿಯಾಗಿ ವೀಕ್ಷಣೆಗೆ ಕಳಿಸಬೇಡಿ. ದಸರಾ ರಜೆ ಮುಗಿದ ಮೇಲೆ ಎಲ್ಲರಿಗೂ ಇನ್ನೊಂದು ವಿಡಿಯೊ ಹಾಕಿ ಪರೀಕ್ಷಿಸಿ. ಒಮ್ಮೆ ಹೊಂದಿಕೆಯಾದ ಕಣ್ಣು ಆರು ತಿಂಗಳಲ್ಲಿ ಸಡಿಲವಾಗುತ್ತದೆ. ಸಡಿಲವಾಗುವುದು ಹಲವು ಸಲ ಧಾರಾಳದ ಕಡೆಗೆ.

ಭೇಟಿಯ ದಿನ

ಮೊದಲ ವೀಕ್ಷಣೆಗೆ ದಿನವನ್ನೂ ಪೀರಿಯಡನ್ನೂ ಮೊದಲೇ ತಿಳಿಸಿ. ಎರಡನೆಯದಕ್ಕೆ ‘ಈ ಎರಡು ವಾರದಲ್ಲಿ ಯಾವಾಗಲಾದರೂ’ ಎಂದಷ್ಟೇ ಹೇಳಿ. ತಿಳಿಸಿ ಹೋದರೆ ಚೆನ್ನಾಗಿ ಮಾಡಿ ತೋರಿಸುತ್ತಾರೆ ಎಂಬುದು ಆಕ್ಷೇಪವಲ್ಲ. ಅತಿ ಚೆನ್ನಾಗಿ ಮಾಡಿದಾಗಲೂ ಕಾಣುವ ಕೊರತೆ ನಿಜವಾದ ಕೊರತೆ.

ಪಾಠ ಶುರುವಾಗುವ ಮೊದಲೇ ಹೋಗಿ ಹಿಂದಿನ ಬೆಂಚಿನ ಪಕ್ಕ ಕೂರಿ. ಮುಖ್ಯ ಶಿಕ್ಷಕರ ಜೊತೆ ಕಾಫಿ ಕುಡಿದು ಹತ್ತು ನಿಮಿಷ ತಡವಾಗಿ ಒಳಗೆ ಹೋದರೆ ಮಕ್ಕಳೆಲ್ಲ ಎದ್ದು ನಿಂತು ‘ನಮಸ್ತೇ ಸಾರ್’ ಎನ್ನುತ್ತಾರೆ, ಪಾಠ ಅಲ್ಲಿಗೇ ಕಡಿಯುತ್ತದೆ. ಮಧ್ಯೆ ಬಾಯಿ ಹಾಕಿ ಮಕ್ಕಳಿಗೆ ಪ್ರಶ್ನೆ ಕೇಳಬೇಡಿ. ಶಿಕ್ಷಕರ ತಪ್ಪನ್ನು ಮಕ್ಕಳ ಎದುರು ತಿದ್ದಬೇಡಿ. ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ಭೇಟಿಗೆ ಸಾಕ್ಷಿ ಬೇಕಿದ್ದರೆ ಶಾಲೆಯ ಸಂದರ್ಶಕರ ಪುಸ್ತಕದಲ್ಲಿ ಸಮಯ ಬರೆದು ಸಹಿ ಮಾಡಿ, ಸಾಕು.

ಚರ್ಚೆ ಅದೇ ದಿನ, ತಪ್ಪಿದರೆ ಎರಡು ದಿನದೊಳಗೆ. ಸಿಆರ್‌ಪಿಗಳಲ್ಲಿ ಅನೇಕರು ತಾವು ನೋಡಲು ಹೋದ ಶಿಕ್ಷಕರಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು. ‘ನಿಮ್ಮ ಪಾಠದಲ್ಲಿ ಕೊರತೆಗಳಿವೆ’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಟಿಪ್ಪಣಿಯ ಒಂದು ಘಟನೆಯಿಂದ ಶುರು ಮಾಡಿ: ‘ಮೇಡಂ, ಆ ಹುಡುಗಿ 1/3 ದೊಡ್ಡದು ಅಂದಳಲ್ಲ, ಪೀರಿಯಡ್ ಮುಗಿಯೋ ಹೊತ್ತಿಗೆ ಅವಳಿಗೆ ಗೊತ್ತಾಗಿತ್ತು ಅನಿಸುತ್ತಾ ನಿಮಗೆ?’ ಉತ್ತರ ಅವರಿಂದಲೇ ಬರಲಿ. ಆ ಹುಡುಗಿ ತನ್ನ ಗೊಂದಲದ ಕಾರಣವನ್ನೇ ಬಾಯಿಬಿಟ್ಟು ಹೇಳಿದ್ದಳು. ಅಂಥ ಅವಕಾಶ ದಿನಾ ಸಿಗುವುದಿಲ್ಲ ಎಂಬುದು ಶಿಕ್ಷಕಿಗೆ ಆಗ ತಾನಾಗಿಯೇ ಹೊಳೆಯುತ್ತದೆ.

ಕೊನೆಗೆ ಒಂದೇ ಒಂದು ಕೆಲಸ ಒಪ್ಪಿಕೊಳ್ಳಿ, ಎರಡಲ್ಲ. ಉದಾಹರಣೆಗೆ: ಒಂದೇ ಉದ್ದದ ಎರಡು ಕಾಗದದ ಪಟ್ಟಿ ಪ್ರತಿ ಜೋಡಿಗೆ ಕೊಟ್ಟು, ಒಂದನ್ನು ಎರಡು ಸಮಭಾಗ, ಇನ್ನೊಂದನ್ನು ಮೂರು ಸಮಭಾಗ ಮಡಚಿಸಿ ಪಕ್ಕಪಕ್ಕ ಇಟ್ಟು ನೋಡಿಸುವುದು. ಪ್ರತಿ ಪೀರಿಯಡ್‌ನಲ್ಲಿ ಕನಿಷ್ಠ ಮೂವರು ಕೈ ಎತ್ತದ ಮಕ್ಕಳನ್ನು ಕೇಳುವುದನ್ನು ಇದರೊಂದಿಗೆ ಸೇರಿಸಬೇಡಿ, ಅದು ಮುಂದಿನ ಭೇಟಿಗೆ. ಯಾವ ತಾರೀಕಿನೊಳಗೆ, ಸಿಆರ್‌ಪಿ ಏನು ತಂದುಕೊಡುತ್ತಾರೆ ಎಂದೂ ಬರೆಯಿರಿ. ಹಾಳೆಯ ಒಂದು ಪ್ರತಿ ಶಿಕ್ಷಕರ ಕೈಗೆ. ಅವರ ಸಹಿ ‘ಓದಿದ್ದೇನೆ’ ಎಂಬುದಕ್ಕೆ ಮಾತ್ರ, ‘ಒಪ್ಪಿದ್ದೇನೆ’ ಎಂಬುದಕ್ಕಲ್ಲ ಎಂದು ಹಾಳೆಯಲ್ಲೇ ಮುದ್ರಿಸಿ.

ಮಕ್ಕಳ ಅಂಕವನ್ನು ಏನು ಮಾಡುವುದು?

ಶಿಕ್ಷಕರ ದರ್ಜೆಗೆ ಸೇರಿಸಬೇಡಿ. ಎಂಟು ಮಕ್ಕಳ ತರಗತಿಯಲ್ಲಿ ಒಂದು ಮಗು ಜ್ವರದಿಂದ ಪರೀಕ್ಷೆಯಲ್ಲಿ 40 ಅಂಕ ಕಡಿಮೆ ತೆಗೆದರೆ ತರಗತಿಯ ಸರಾಸರಿ 5 ಅಂಕ ಇಳಿಯುತ್ತದೆ. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಷ್ಟು ಚಿಕ್ಕ ತರಗತಿಗಳೇ ಹೆಚ್ಚು. ಸಾಲದ್ದಕ್ಕೆ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುನಡುವೆ ಶಾಲೆಯಲ್ಲೇ ನಡೆಯುವ ಮೌಲ್ಯಮಾಪನದ) ಅಂಕ ಕೊಡುವವರು ಅದೇ ಶಿಕ್ಷಕರು. ಆ ಅಂಕದ ಮೇಲೆ ಅವರನ್ನೇ ಅಳೆದರೆ ಏರುವುದು ಅಂಕ, ಕಲಿಕೆಯಲ್ಲ. ಒತ್ತಡ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಅಟ್ಲಾಂಟಾ ಸಾಕ್ಷಿ. 2009ರ ಪರೀಕ್ಷೆಯ ಬಗ್ಗೆ ರಾಜ್ಯ ಸರ್ಕಾರ ನಡೆಸಿದ ತನಿಖೆ 2011ರಲ್ಲಿ ಹೊರಬಂದಾಗ 44 ಶಾಲೆಗಳಲ್ಲಿ ಅಕ್ರಮ ನಡೆದಿತ್ತು, 178 ಮಂದಿ ಶಿಕ್ಷಕರು ಮತ್ತು ಮುಖ್ಯಸ್ಥರ ಹೆಸರು ಅದರಲ್ಲಿತ್ತು.

ಬೇರೆ ಉಪಯೋಗ ಇದೆ. ಜೂನ್‌ನ ಸೇತುಬಂಧ ಪೂರ್ವ ಪರೀಕ್ಷೆಯ ಹತ್ತು ಪ್ರಶ್ನೆಗಳನ್ನೇ ಫೆಬ್ರವರಿಯಲ್ಲಿ ಮತ್ತೆ ಕೊಡಿ, ಉತ್ತರ ಪತ್ರಿಕೆಗಳನ್ನು ಪಕ್ಕದ ಶಾಲೆಯವರು ತಿದ್ದಲಿ. ಯಾವ ಪ್ರಶ್ನೆಯಲ್ಲಿ ಇಡೀ ಕ್ಲಸ್ಟರ್ ಎಡವಿದೆ ಎಂದು ನೋಡಿ ಕ್ಲಸ್ಟರ್ ಶಿಕ್ಷಕರ ಸಮಾಲೋಚನಾ ಸಭೆಯ ವಿಷಯ ಆರಿಸಿ.

ಆಕ್ಷೇಪಣೆ

ದರ್ಜೆ ಒಪ್ಪದ ಶಿಕ್ಷಕರು ಏಳು ದಿನದೊಳಗೆ ಒಂದು ಪುಟದ ಪತ್ರ ಕೊಡಬಹುದು. ಬೇರೆ ಕ್ಲಸ್ಟರ್‌ನವರು ಬಂದು ಹೊಸದಾಗಿ ನೋಡಬೇಕು. ಮೊದಲಿನ ಹಾಳೆಯನ್ನು ಅವರಿಗೆ ತೋರಿಸಬಾರದು. ಎರಡೂ ಹಾಳೆ ಕಡತದಲ್ಲಿರಲಿ. ಶಿಕ್ಷಕರಿಗೆ ತಮ್ಮ ಅಂಕ ಬಂದ ದಾರಿಯನ್ನು ಪರಿಶೀಲಿಸಲು ಆಗಲೇಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಗುಟ್ಟಾದ ಸೂತ್ರವೊಂದು ಲೆಕ್ಕ ಹಾಕಿದ ಅಂಕವನ್ನು ಶಿಕ್ಷಕರು ಪ್ರಶ್ನಿಸಿದಾಗ, ಪರಿಶೀಲಿಸಲಾಗದ ಅಂಕದ ಮೇಲೆ ಕೆಲಸ ಕಳೆಯುವ ವಿಚಾರದಲ್ಲಿ ಅವರ ವಾದಕ್ಕೆ ಹುರುಳಿದೆ ಎಂದು ಫೆಡರಲ್ ನ್ಯಾಯಾಲಯ 2017ರಲ್ಲಿ ಹೇಳಿತು. ಅಲ್ಲಿನ ಶಾಲಾ ಜಿಲ್ಲೆ ರಾಜಿ ಮಾಡಿಕೊಳ್ಳಬೇಕಾಯಿತು. ‘ತಾಲ್ಲೂಕಿಗೆ ಪ್ರಥಮ’, ‘ಕೊನೆಯ ಹತ್ತು’ ಎಂಬ ಪಟ್ಟಿಗಳನ್ನು ಯಾರೂ ಯಾವ ಕಾರಣಕ್ಕೂ ಮಾಡಕೂಡದು ಎಂದು ಸುತ್ತೋಲೆಯಲ್ಲೇ ಇರಲಿ. ಸಭೆಗೆ ಬಂದ ಮೇಲಧಿಕಾರಿ ಮೊದಲು ಕೇಳುವುದೇ ಆ ಪಟ್ಟಿ.

ಯಾವಾಗ ಏನು

ಮಾರ್ಚ್‌ನಲ್ಲಿ ಸಮಿತಿ ಕೂತರೆ ಏಪ್ರಿಲ್ ಹೊತ್ತಿಗೆ ಕರಡು ಸಿದ್ಧ. ಮೇ ಕೊನೆಯ ವಾರ ವೀಕ್ಷಕರ ತರಬೇತಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎರಡೇ ಕ್ಲಸ್ಟರ್‌ಗಳಲ್ಲಿ ಪ್ರಯೋಗ. ಒಂದು ಪಟ್ಟಣದ್ದು, ಒಂದು ದೂರದ ಹಳ್ಳಿಗಳದ್ದು. ಈ ಅವಧಿಯ ದರ್ಜೆಗಳನ್ನು ಎಲ್ಲೂ ದಾಖಲಿಸಬೇಡಿ, ಹಾಳೆ ಶಿಕ್ಷಕರ ಬಳಿಯೇ ಉಳಿಯಲಿ. ಅಕ್ಟೋಬರ್‌ನಲ್ಲಿ ನಮೂನೆ ತಿದ್ದಿ, ನವೆಂಬರ್‌ನಿಂದ ಜನವರಿವರೆಗೆ ಅದೇ ಎರಡು ಕ್ಲಸ್ಟರ್‌ಗಳಲ್ಲಿ ಇನ್ನೊಂದು ಸುತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಪ್ರೌಢಶಾಲೆಗಳ ಹತ್ತಿರ ಹೋಗಬೇಡಿ, ಎಸ್‌ಎಸ್‌ಎಲ್‌ಸಿ ಬಿಸಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇಡೀ ತಾಲ್ಲೂಕಿಗೆ ವಿಸ್ತರಿಸುವುದು ಮುಂದಿನ ಜೂನ್‌ಗೆ.

ನೆರವಿನ ಸಿದ್ಧತೆಯೂ ಈ ಪಟ್ಟಿಯಲ್ಲೇ ಇರಬೇಕು. ಅಮೆರಿಕದ ಮೂರು ಶಾಲಾ ಜಿಲ್ಲೆಗಳು ಮತ್ತು ನಾಲ್ಕು ಚಾರ್ಟರ್ ಶಾಲಾ (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳ) ಸಂಸ್ಥೆಗಳಲ್ಲಿ ಆರೇಳು ವರ್ಷ ನಡೆದ ಶಿಕ್ಷಕ ಮೌಲ್ಯಮಾಪನದ ದೊಡ್ಡ ಪ್ರಯತ್ನವನ್ನು ರಾಂಡ್ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಪರಿಶೀಲಿಸಿದಾಗ, ಅಳೆಯುವ ವ್ಯವಸ್ಥೆಯೇನೋ ನೆಲೆಯೂರಿತ್ತು. ಮಕ್ಕಳ ಕಲಿಕೆಯಲ್ಲಿ ನಿರೀಕ್ಷಿಸಿದ ಏರಿಕೆ ಇರಲಿಲ್ಲ. ಐದನೇ ಅಂಶದಲ್ಲಿ 30 ಶಿಕ್ಷಕರಿಗೆ ಹಂತ 1 ಬಂದರೆ ಆ 30 ಜನಕ್ಕೆ ಬಹುವರ್ಗ ಬೋಧನೆಯ (ಒಂದೇ ಕೋಣೆಯಲ್ಲಿ ಬೇರೆಬೇರೆ ತರಗತಿಯ ಮಕ್ಕಳಿಗೆ ಕಲಿಸುವ) ಒಂದು ಕಾರ್ಯಾಗಾರ ಮುಂದಿನ ಅವಧಿಯೊಳಗೆ ನಡೆಯಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುವ ವರ್ಷಕ್ಕೆ 50 ಗಂಟೆಗಳ ವೃತ್ತಿ ತರಬೇತಿಯ ವಿಷಯಗಳನ್ನು ಈ ಹಾಳೆಗಳಿಂದಲೇ ಆರಿಸಿಕೊಳ್ಳಬಹುದು.

ಮೊದಲ ವರ್ಷದ ಕೊನೆಗೆ ನೋಡಬೇಕಾದ ಕೋಷ್ಟಕ

ಒಬ್ಬೊಬ್ಬ ವೀಕ್ಷಕರಿಗೆ ಒಂದೊಂದು ಅಡ್ಡಸಾಲು, ಎಂಟು ಅಂಶಗಳಿಗೆ ಮೇಲಿನಿಂದ ಕೆಳಗೆ ಎಂಟು ಕಂಬಸಾಲು, ಪ್ರತಿ ಚೌಕದಲ್ಲಿ ಅವರು ಕೊಟ್ಟ 1, 2, 3, 4ಗಳ ಎಣಿಕೆ. ಒಬ್ಬರ ಸಾಲಿನಲ್ಲಿ ಎಲ್ಲಾ 3 ಇದ್ದರೆ ಅವರು ತರಗತಿಗೆ ಹೋಗಿಲ್ಲ, ಇಲ್ಲವೇ ಯಾರನ್ನೂ ನೋಯಿಸಲು ಮನಸ್ಸಿಲ್ಲ. ಸಂದರ್ಶಕರ ಪುಸ್ತಕದ ಸಮಯ ನೋಡಿದರೆ ಯಾವುದೆಂದು ತಿಳಿಯುತ್ತದೆ. ಅಮೆರಿಕದ ಹಲವು ಜಿಲ್ಲೆಗಳನ್ನು ನೋಡಿದ 2009ರ ಒಂದು ಅಧ್ಯಯನದಲ್ಲಿ, ತೃಪ್ತಿಕರ, ಅತೃಪ್ತಿಕರ ಎಂಬ ಎರಡೇ ದರ್ಜೆ ಇದ್ದ ಕಡೆ 99%ಕ್ಕೂ ಹೆಚ್ಚು ಶಿಕ್ಷಕರು ‘ತೃಪ್ತಿಕರ’ರಾಗಿದ್ದರು. ಒಂದು ಅಂಶದ ಉದ್ದಕ್ಕೂ ಎಲ್ಲರೂ 4 ಕೊಟ್ಟಿದ್ದರೆ ಆ ಅಂಶದ ವಿವರಣೆ ಸಡಿಲವಾಗಿದೆ, ಮತ್ತೆ ಬರೆಯಿರಿ. ಒಬ್ಬರ ದರ್ಜೆಗಳು ಮೂರನೇ ಭೇಟಿಯ ಬೇರೆ ವೀಕ್ಷಕರ ದರ್ಜೆಗಿಂತ ಸದಾ ಒಂದು ಹಂತ ಮೇಲಿದ್ದರೆ ಅವರನ್ನು ಮೇ ತಿಂಗಳ ವಿಡಿಯೊ ತರಬೇತಿಗೆ ಮತ್ತೆ ಕರೆಯಿರಿ, ಅವರ ಕ್ಲಸ್ಟರ್‌ನ ಮುಂದಿನ ಮೊದಲ ಹತ್ತು ವೀಕ್ಷಣೆಗಳಿಗೆ ಜೊತೆಗೆ ಒಬ್ಬ ಬಿಆರ್‌ಪಿಯನ್ನು ಕಳಿಸಿ.